ಏಜೆಂಟ್ ಇಲ್ಲದ ಬೂತು

2008ರ ಮೇ 25ರಂದು ವಿಧಾನಸಭೆ ಚುನಾವಣೆಯ ಮತ ಎಣಿಕೆ ನಡೆಯಿತು. ಅಖಂಡ ಬಳ್ಳಾರಿ ಜಿಲ್ಲೆಯಲ್ಲಿ ಆಗ ಒಂಬತ್ತು ಕ್ಷೇತ್ರಗಳಿದ್ದವು. ಎಂಟರಲ್ಲಿ ಬಿಜೆಪಿ ಗೆದ್ದಿತು. ಕಾಂಗ್ರೆಸ್ಸಿಗೆ ಉಳಿದದ್ದು ಸಂಡೂರು ಒಂದೇ. ನಮ್ಮ ಕಂಪ್ಲಿ ಆ ವರ್ಷವೇ ಹೊಸದಾಗಿ ಆದ ಕ್ಷೇತ್ರ, ಪರಿಶಿಷ್ಟ ಪಂಗಡಕ್ಕೆ ಮೀಸಲು. ಮೊದಲ ಚುನಾವಣೆಯಲ್ಲಿ ಬಿಜೆಪಿಯ ಟಿ.ಎಚ್. ಸುರೇಶ್ ಬಾಬು ಗೆದ್ದರು. ನಾವು ಸೋತೆವು.

ನಾನು ಕಾಂಗ್ರೆಸ್ಸಿನ ಸಾಮಾನ್ಯ ಕಾರ್ಯಕರ್ತೆ. ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ. ನನ್ನ ಅಪ್ಪ ಇದೇ ಪಕ್ಷದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಚುನಾವಣೆ ಬಂದಾಗ ಅವರು ಕೂರುತ್ತಿದ್ದ ಬೂತಿನಲ್ಲಿ ನಾನು ಏಜೆಂಟ್ ಆಗಿ ಕೂರತೊಡಗಿದೆ. ಯಾವ ಹುದ್ದೆಯೂ ಇರಲಿಲ್ಲ. ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ರಾಜ್ಯದಲ್ಲಿ ಬಿಜೆಪಿಗೆ 110 ಸ್ಥಾನ ಬಂದವು, ಕಾಂಗ್ರೆಸ್ಸಿಗೆ 80. ಮತಗಳ ಲೆಕ್ಕದಲ್ಲಿ ಕಾಂಗ್ರೆಸ್ಸಿಗೇ ಸ್ವಲ್ಪ ಹೆಚ್ಚು ಬಂದಿತ್ತು. ನಮ್ಮ ಮುಖಂಡರೊಬ್ಬರು ಅದನ್ನೇ ಹೇಳಿ ನಮಗೆ ಸಮಾಧಾನ ಮಾಡಿದರು. ಕೇಳುವಾಗ ಸಮಾಧಾನ ಆಯಿತು. ಮರುದಿನ ಬೀದಿಗೆ ಇಳಿದಾಗ ಅದು ಯಾವ ಕೆಲಸಕ್ಕೂ ಬರಲಿಲ್ಲ.

ಮೊದಲು ನಮ್ಮ ಪಕ್ಷದ ಕಚೇರಿ ಮುಚ್ಚಿತು. ಅದು ಬಾಡಿಗೆ ಕೋಣೆ. ಚುನಾವಣೆ ಮುಗಿದ ಮೇಲೆ ಬಾಡಿಗೆ ಕಟ್ಟುವವರು ಇರಲಿಲ್ಲ. ಮಾಲೀಕರು ಕುರ್ಚಿ, ಬ್ಯಾನರು, ಮೈಕ್ ಸೆಟ್ಟು ಎಲ್ಲ ಹೊರಗಿಟ್ಟರು. ಅವನ್ನು ನಮ್ಮ ಮನೆಯ ಹಿಂದಿನ ಕೋಣೆಗೆ ತಂದು ಇಟ್ಟೆವು. ಆ ವರ್ಷವೇ ರಾಜ್ಯದಲ್ಲಿ ಆಪರೇಷನ್ ಕಮಲ ಎಂಬ ಮಾತು ಹುಟ್ಟಿತು. ಗೆದ್ದ ಶಾಸಕರೇ ರಾಜೀನಾಮೆ ಕೊಟ್ಟು ಬೇರೆ ಪಕ್ಷಕ್ಕೆ ಹೋಗಿ ಉಪಚುನಾವಣೆಗೆ ನಿಂತರು. ಮೇಲಿನವರು ಹೋದ ಮೇಲೆ ಕೆಳಗಿನವರನ್ನು ತಡೆಯುವುದು ಹೇಗೆ? ನಮ್ಮ ವಾರ್ಡಿನಲ್ಲಿ ಜೊತೆಗೆ ಚೀಟಿ ಹಂಚಿದವರು, ಒಂದೇ ತಟ್ಟೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದವರು ಒಬ್ಬೊಬ್ಬರೇ ದೂರವಾದರು. ಕೆಲವರು ಹೇಳಿ ಹೋದರು. ಕೆಲವರು ಹೇಳದೆ ಹೋದರು.

ಆಗ ನಮ್ಮ ಸೀಮೆಯಲ್ಲಿ ಅದಿರಿನ ಕಾಲ. ಚೀನಾಕ್ಕೆ ಅದಿರು ಹೋಗುತ್ತಿತ್ತು. ಸಂಡೂರು, ತೋರಣಗಲ್ಲು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲ ಕೆಂಪಗಿತ್ತು. ನಮ್ಮ ಯಜಮಾನರೂ ಸಾಲ ಮಾಡಿ ಒಂದು ಲಾರಿ ತೆಗೆದುಕೊಂಡಿದ್ದರು. ಬೇಲೆಕೇರಿ ಬಂದರಿಗೆ ಲೋಡು ಹೊಡೆಯುತ್ತಿದ್ದರು. ಕಂತು ಕಟ್ಟಿಯೂ ಮನೆಗೆ ದುಡ್ಡು ಉಳಿಯುತ್ತಿತ್ತು. ಮಗ ಖಾಸಗಿ ಶಾಲೆಗೆ ಹೋಗುತ್ತಿದ್ದ.

ಚುನಾವಣೆ ಆದ ಕೆಲವು ವಾರಗಳಲ್ಲಿ ಲೋಡು ಸಿಗುವುದು ಕಡಿಮೆಯಾಯಿತು. ಸರದಿಯಲ್ಲಿ ನಮ್ಮ ಲಾರಿಯ ಹೆಸರು ಹಿಂದೆ ಹಿಂದೆ ಹೋಗುತ್ತಿತ್ತು. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಬ್ಬ ಗುಮಾಸ್ತರು ಮಾತ್ರ ಯಜಮಾನರನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: "ನಿಮ್ಮ ಮನಿಯಾಕಿ ಇನ್ನೂ ಅಲ್ಲೇ ಅದಾಳೇನಪಾ?" ಯಜಮಾನರು ಅದನ್ನು ನನಗೆ ಬಹಳ ದಿನ ಹೇಳಲಿಲ್ಲ. ಹೊಲಿಗೆಗೆ ಬರುವ ಹೆಂಗಸರೂ ಕಡಿಮೆಯಾದರು. ಅಳತೆಗೆ ಕೊಟ್ಟಿದ್ದ ರವಿಕೆಯನ್ನು ಹೊಲಿಸದೆ ವಾಪಸು ಒಯ್ದವರೂ ಇದ್ದರು.

ಒಂದು ರಾತ್ರಿ ಯಾರೋ ಬಾಗಿಲು ಬಡಿದರು. ತೆಗೆದರೆ ಯಾರೂ ಇಲ್ಲ. ಇನ್ನೊಂದು ರಾತ್ರಿಯೂ ಹಾಗೇ ಆಯಿತು. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನನಗೆ ಭಯವಾಯಿತು. ಯಜಮಾನರು ಲೋಡಿನ ಮೇಲೆ ಹೋದ ರಾತ್ರಿಗಳಲ್ಲಿ ಮಗನನ್ನು ಗೋಡೆಯ ಕಡೆಗೆ ಮಲಗಿಸಿ, ನಾನು ಬಾಗಿಲ ಕಡೆಗೆ ಮಲಗುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಅದನ್ನು ಗಮನಿಸಿದರು. ಆಮೇಲೆ ಅಂಥ ರಾತ್ರಿಗಳಲ್ಲಿ ಕೌದಿ ಹೊತ್ತುಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದರು. ಅವರ ಮಗ ಎದುರು ಪಕ್ಷದಲ್ಲಿದ್ದ. ಅಜ್ಜಿ ಆ ಮಾತನ್ನೇ ಎತ್ತಲಿಲ್ಲ.

2009ರಲ್ಲಿ ಲೋಕಸಭೆ ಚುನಾವಣೆ ಬಂತು. ಬಿಜೆಪಿಯಿಂದ ಜೆ. ಶಾಂತಾ, ಕಾಂಗ್ರೆಸ್ಸಿನಿಂದ ಎನ್.ವೈ. ಹನುಮಂತಪ್ಪ. ನಾನು ನನ್ನ ಬೂತಿನಲ್ಲಿ ಕೂತೆ. ಪಕ್ಕದ ಕೊಠಡಿಯ ಬೂತಿನಲ್ಲಿ ನಮ್ಮ ಏಜೆಂಟರ ಕುರ್ಚಿ ಖಾಲಿ ಇತ್ತು. ಬರುತ್ತೇನೆ ಎಂದವರು ಬಂದಿರಲಿಲ್ಲ. ಬೇರೆಯವರನ್ನು ಕೂರಿಸೋಣವೆಂದರೆ ಆಗಿನ ನಿಯಮದಂತೆ ಅದೇ ಬೂತಿನ, ಇಲ್ಲವೇ ಪಕ್ಕದ ಬೂತಿನ ಮತದಾರರೇ ಆಗಬೇಕಿತ್ತು. ಏಜೆಂಟರನ್ನು ನೇಮಿಸುವ ಫಾರಂ 10ಕ್ಕೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಸಹಿ ಬೇಕು. ಅಷ್ಟು ಹೊತ್ತಿಗೆ ಅದೆಲ್ಲ ಎಲ್ಲಿಂದ ತರುವುದು? ಇಡೀ ದಿನ ಆ ಕುರ್ಚಿ ಹಾಗೇ ಇತ್ತು.

ಮೇ 16ರಂದು ಫಲಿತಾಂಶ ಬಂತು. ಶಾಂತಾ ಅವರು 2,243 ಮತಗಳಿಂದ ಗೆದ್ದರು. ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ, ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿವೆ. ಒಂದು ಮತಗಟ್ಟೆಗೆ ಸುಮಾರು ಎರಡು ಮತದಷ್ಟೇ ವ್ಯತ್ಯಾಸ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಣ್ಣಮುಂದೆ ಇದ್ದದ್ದು ಆ ಖಾಲಿ ಕುರ್ಚಿ. ಅಲೆ ಇತ್ತು, ದುಡ್ಡು ಇತ್ತು, ಎದುರಿನವರ ಬಲ ಇತ್ತು ಎಂದು ದೊಡ್ಡವರು ಹೇಳುತ್ತಿದ್ದರು. ಅದೆಲ್ಲ ಇದ್ದದ್ದು ನಿಜ. ಆದರೆ ಖಾಲಿ ಕುರ್ಚಿಗಳನ್ನು ಯಾರೂ ಎಣಿಸಲಿಲ್ಲ.

ಜಿಲ್ಲೆಯಲ್ಲಿ ಉಳಿದ ಒಂದೇ ಕ್ಷೇತ್ರ ಸಂಡೂರು. ಅಲ್ಲಿ ಇ. ತುಕಾರಾಂ ಗೆದ್ದಿದ್ದರು. ಅಲ್ಲಿ ಹೇಗೆ ಉಳಿಯಿತು ಎಂದು ತಿಳಿಯಲು ಬಸ್ ಹತ್ತಿ ಹೋದೆ. ಗಣಿಗಳ ನಡುವಿನ ಊರು ಅದು. ದುಡ್ಡಿನ ಪ್ರಭಾವ ಅಲ್ಲಿಯೂ ಇತ್ತು. ಒಂದು ಹಳ್ಳಿಯಲ್ಲಿ ವಯಸ್ಸಾದ ಕಾರ್ಯಕರ್ತರೊಬ್ಬರು ನನ್ನನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ ತೋರಿಸಿದರು. ಮತದಾರರ ಪಟ್ಟಿಯ ಪ್ರಕಾರ ಮನೆ ಮನೆಯ ಲೆಕ್ಕ. ಯಾರು ಸತ್ತರು, ಯಾರು ಮದುವೆಯಾಗಿ ಹೋದರು, ಯಾರು ದುಡಿಯಲು ಊರು ಬಿಟ್ಟರು, ಯಾರು ಯಾವ ಹಬ್ಬಕ್ಕೆ ಬರುತ್ತಾರೆ. "ಇದನ್ನ ಚುನಾವಣಿ ಬಂದಾಗ ಬರಿಯಾಂಗಿಲ್ಲವ್ವಾ. ಚುನಾವಣಿ ಇಲ್ಲದಾಗ ಬರೀಬೇಕು" ಎಂದರು. ಊಟ ಹಾಕಿಸಿ ಕಳಿಸಿದರು.

2010ರ ಜುಲೈಯಲ್ಲಿ ವಿಧಾನಸಭೆಯಲ್ಲಿ ಗಣಿ ವಿಷಯ ದೊಡ್ಡದಾಯಿತು. ಅಕ್ರಮ ಗಣಿಗಾರಿಕೆಯ ತನಿಖೆಯನ್ನು ಸಿಬಿಐಗೆ ಕೊಡಬೇಕೆಂದು ಕಾಂಗ್ರೆಸ್ ಶಾಸಕರು ಸದನದಲ್ಲೇ ಅಹೋರಾತ್ರಿ ಧರಣಿ ಕೂತರು. ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಎಂದು ತೀರ್ಮಾನವಾಯಿತು. ಆಗ ಸಿದ್ದರಾಮಯ್ಯ ವಿರೋಧ ಪಕ್ಷದ ನಾಯಕರು, ಆರ್.ವಿ. ದೇಶಪಾಂಡೆ ರಾಜ್ಯ ಕಾಂಗ್ರೆಸ್ ಸಮಿತಿಯ (ಕೆಪಿಸಿಸಿ) ಅಧ್ಯಕ್ಷರು. ಜುಲೈ 25ಕ್ಕೆ ಹೊರಟು ಆಗಸ್ಟ್ 9ಕ್ಕೆ ಮುಟ್ಟುವುದು. ದಾರಿ 320 ಕಿಲೋಮೀಟರ್.

ಹೋಗುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಮನೆ ನಡೆಯುತ್ತಿದ್ದದ್ದೇ ಅದಿರಿನಿಂದ. ಆಮೇಲೆ, "ನೀ ಹೋಗಿ ಬಾ. ಲಾರಿ ವಿಷ್ಯ ನನಗ ಬಿಡು" ಎಂದರು. ಮಗನನ್ನು ತವರಿನಲ್ಲಿ ಬಿಟ್ಟೆ. ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆ. ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ಕೂತು ಬೆಂಗಳೂರು ಸೇರಿದೆ.

ಮೊದಲ ದಿನ ಜನವೋ ಜನ. ಡೊಳ್ಳು, ಬಾವುಟ, ಘೋಷಣೆ. ಕಾಲಿನ ಅರಿವೇ ಆಗಲಿಲ್ಲ. ನೆಲಮಂಗಲ ದಾಟಿದ ಮೇಲೆ ಜನ ಬರುವುದು ಹೋಗುವುದು ಶುರುವಾಯಿತು. ಆಯಾ ತಾಲ್ಲೂಕಿನವರು ತಮ್ಮ ಗಡಿಯವರೆಗೆ ಬರುತ್ತಿದ್ದರು. ಕೊನೆಯವರೆಗೆ ನಡೆಯುತ್ತೇವೆ ಎಂದು ಬಂದ ನಮ್ಮಂಥವರು ಬೇರೆ. ತುಮಕೂರಿನ ಹೊತ್ತಿಗೆ ನನ್ನ ಎರಡೂ ಪಾದದಲ್ಲಿ ಬೊಬ್ಬೆ ಎದ್ದವು. ಸಿರಾದ ದಾರಿಯಲ್ಲಿ ಅವು ಒಡೆದವು. ಚಪ್ಪಲಿ ಹಾಕಿಕೊಂಡರೆ ಉಜ್ಜುತ್ತಿತ್ತು, ಬಿಟ್ಟರೆ ಡಾಂಬರು ಸುಡುತ್ತಿತ್ತು. ಹಳೆಯ ಸೀರೆ ಹರಿದು ಕಾಲಿಗೆ ಸುತ್ತಿಕೊಂಡು ನಡೆದೆ.

ಹೆಂಗಸರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಯಲುಕಡೆಗೆ ಹೋಗುವುದು. ರಾತ್ರಿ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಮಲಗುತ್ತಿದ್ದೆವು. ಇದ್ದ ಒಂದೆರಡು ಶೌಚಾಲಯಗಳಿಗೆ ಸಾಲು. ಬೆಳಗಿನ ಜಾವ ಕತ್ತಲಿರುವಾಗಲೇ ಎದ್ದು ನಾಲ್ಕೈದು ಮಂದಿ ಸೇರಿ ಹೊಲದ ಕಡೆ ಹೋಗುತ್ತಿದ್ದೆವು. ಹಗಲು ದಾರಿಯಲ್ಲಿ ಎಲ್ಲೂ ಅನುಕೂಲವಿಲ್ಲ. ಆ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆವು. ಹಿರಿಯೂರು ಸೇರುವ ಮೊದಲು ನನಗೆ ಉರಿಮೂತ್ರ ಶುರುವಾಯಿತು, ಜ್ವರವೂ ಬಂತು. ಜೊತೆಗಿದ್ದವರು ಬಸ್ ಹತ್ತಿಸುತ್ತೇವೆ ಎಂದರು. ನಾನು ರಸ್ತೆ ಬದಿಯ ಹುಣಸೆಮರದ ಕೆಳಗೆ ಮಲಗಿದೆ. ಎದ್ದು ನಿಲ್ಲಲು ಆಗಲಿಲ್ಲ.

ಅಲ್ಲೇ ಹತ್ತಿರದ ಮನೆಯ ಹೆಂಗಸೊಬ್ಬರು ಬಂದು ನೋಡಿದರು. ಒಳಗೆ ಕರೆದುಕೊಂಡು ಹೋದರು. ಬಾರ್ಲಿ ಗಂಜಿ ಕಾಸಿ ಕುಡಿಸಿದರು. ಬಿಸಿನೀರಿನಲ್ಲಿ ಕಾಲು ಇಳಿಬಿಡಿಸಿ, ಒರೆಸಿ, ಹರಳೆಣ್ಣೆ ಹಚ್ಚಿದರು. ಬಚ್ಚಲು ತೋರಿಸಿ ಸ್ನಾನ ಮಾಡು ಎಂದರು. ಯಾವ ಪಕ್ಷ, ಯಾವ ಜಾತಿ, ಯಾವ ಊರು ಕೇಳಲಿಲ್ಲ. ನಡೆಯುವುದು ಯಾಕೆ ಎಂದು ಮಾತ್ರ ಕೇಳಿದರು. ಗಣಿ ವಿಷಯ ಹೇಳಿದೆ. "ನಮ್ಮ ಕಡೆ ಮಳೆನೇ ಇಲ್ಲ ಕಣಮ್ಮ, ಅದಕ್ಕೂ ಯಾರಾದ್ರೂ ನಡೀತಾರಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಮಾತ್ರೆ ತೆಗೆದುಕೊಂಡೆ. ಮರುದಿನ ಜ್ವರ ಇಳಿಯಿತು. ಮುಂದಿನ ತಂಡ ಸೇರಿಕೊಂಡೆ.

ಚಳ್ಳಕೆರೆ ದಾಟಿದ ಮೇಲೆ ಬಯಲು. ಆಷಾಢದ ಗಾಳಿ ಎದುರಿನಿಂದ ಬೀಸುತ್ತಿತ್ತು. ಮಾತು ಕಡಿಮೆಯಾಯಿತು. ಮುಂದೆ ನಾಯಕರು, ಕ್ಯಾಮೆರಾಗಳು. ಹಿಂದೆ ನಾವು. ಪಾದಯಾತ್ರೆ ಹೊರಟ ಕೆಲವೇ ದಿನಗಳಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಸುದ್ದಿ ಬಂದಿತ್ತು. ಆಗ ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ನಾನೂ ಹೊಡೆದಿದ್ದೆ. ಹೊಡೆಯುವಾಗಲೇ ಬೇಲೆಕೇರಿಯ ಲೋಡು ನೆನಪಾಗಿತ್ತು.

ಆಗಸ್ಟ್ 9ರಂದು ಬಳ್ಳಾರಿ. ಅಷ್ಟು ಜನರನ್ನು ನಾನು ಅದುವರೆಗೆ ಒಂದೇ ಕಡೆ ನೋಡಿರಲಿಲ್ಲ. ವೇದಿಕೆ ಬಹಳ ದೂರ. ಮಾತುಗಳು ಗಾಳಿಗೆ ಒಡೆದು ಕೇಳುತ್ತಿದ್ದವು. ನನ್ನ ಪಕ್ಕದಲ್ಲಿ ಕುರುಗೋಡಿನ ಒಬ್ಬರು ಅಳುತ್ತಿದ್ದರು. ಎರಡು ವರ್ಷ ನಾವು ನಮ್ಮ ಪಕ್ಷದ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳಿದ್ದೆವು. ಅಂದು ಬಳ್ಳಾರಿಯ ರಸ್ತೆಯಲ್ಲಿ ಗಟ್ಟಿಯಾಗಿ ಹೇಳಿದೆವು. ಆ ದಿನ ನನಗೆ ಕೊಟ್ಟದ್ದು ಅದು. ಅದು ಸಣ್ಣದಲ್ಲ.

ಆದರೆ ಕಂಪ್ಲಿಗೆ ಬಂದು ನೋಡಿದರೆ ಏನೂ ಬದಲಾಗಿರಲಿಲ್ಲ. ಕಚೇರಿ ಇಲ್ಲ. ಏಜೆಂಟರಿಲ್ಲ. ಸಮಾವೇಶಕ್ಕೆ ಲಾರಿ ಹತ್ತಿ ಬಂದವರು ಮರುದಿನ ಭತ್ತದ ನಾಟಿಗೆ ಹೋದರು. ವರ್ಷದ ಕೊನೆಗೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಬಂದಾಗ ಎಷ್ಟೋ ಕಡೆ ಚೀಟಿ ಹಂಚಲು ಜನ ಸಿಗಲಿಲ್ಲ. ಪಾದಯಾತ್ರೆ ನಮ್ಮ ಭಯ ಬಿಡಿಸಿತು. ಬೂತು ಮಾತ್ರ ಇದ್ದಲ್ಲೇ ಇತ್ತು.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು. ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದರಲ್ಲಿತ್ತು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 5ರಂದು ಸಿಬಿಐ ಗಣಿ ಉದ್ಯಮಿ ಜನಾರ್ದನ ರೆಡ್ಡಿ ಅವರನ್ನು ಬಂಧಿಸಿತು. ನಾವು ಯಾವುದಕ್ಕಾಗಿ ನಡೆದಿದ್ದೆವೋ ಅದು ಒಂದು ವರ್ಷದಲ್ಲಿ ಆಯಿತು.

ಅದರ ಜೊತೆಗೆ ರಸ್ತೆಯ ಮೇಲಿನ ಲಾರಿಗಳೂ ನಿಂತವು. ಹೊಸಪೇಟೆಯ ಸುತ್ತ ಖಾಲಿ ಜಾಗದಲ್ಲೆಲ್ಲ ಲಾರಿಗಳು ಸಾಲಾಗಿ ನಿಂತಿದ್ದವು. ಪಂಕ್ಚರ್ ಅಂಗಡಿ, ಡಾಬಾ, ಗ್ಯಾರೇಜು ಮುಚ್ಚಿದವು. ನಮ್ಮ ಕಂತು ತಪ್ಪಿತು. ಮೊದಲು ಬಂಗಾರ ಅಡವಿಟ್ಟೆವು. ಆಮೇಲೆ ಅದನ್ನೂ ಮಾರಿದೆವು. ಕೊನೆಗೆ ಸಾಲ ಕೊಟ್ಟವರು ಬಂದು ಲಾರಿ ಎಳೆದುಕೊಂಡು ಹೋದರು. ಯಜಮಾನರು ಅದರ ಡ್ಯಾಶ್‌ಬೋರ್ಡಿನಿಂದ ಹುಲಿಗೆಮ್ಮನ ಫೋಟೊ ಬಿಚ್ಚಿಕೊಂಡು ಕೀಲಿ ಕೊಟ್ಟರು. ಆಮೇಲೆ ಒಂದು ಅಕ್ಕಿ ಗಿರಣಿಯ ಲಾರಿಗೆ ಸಂಬಳದ ಡ್ರೈವರ್ ಆಗಿ ಸೇರಿದರು. ಮಗನನ್ನು ಸರ್ಕಾರಿ ಶಾಲೆಗೆ ಹಾಕಿದೆವು.

ಓಣಿಯಲ್ಲಿ ಜನ ನನ್ನನ್ನು ಕೇಳಿದರು: "ನೀ ನಡದಿ. ಏನ್ ಸಿಕ್ತು?" ಅವರ ಮನೆಗಳಲ್ಲೂ ಲಾರಿ ಹೋಗಿದ್ದವು. ನಾನು ಜಗಳ ಮಾಡಲಿಲ್ಲ. ಬೆಟ್ಟ ಹೀಗೆ ಕರಗುವುದು ನಿಲ್ಲಬೇಕಿತ್ತು ಎಂದು ಈಗಲೂ ನಂಬುತ್ತೇನೆ. ಅದರ ಬೆಲೆಯನ್ನು ಬೆಟ್ಟ ಕರಗಿಸಿದವರಿಗಿಂತ ಮೊದಲು ನಮ್ಮಂಥವರು ಕೊಟ್ಟೆವು ಎಂಬುದೂ ನಿಜ. ಯಜಮಾನರು ಒಂದು ದಿನವೂ ನನ್ನನ್ನು ದೂರಲಿಲ್ಲ. ಅವರು ದೂರಿದ್ದರೆ ನಾನು ಪಕ್ಷದ ಕೆಲಸ ಬಿಡುತ್ತಿದ್ದೆನೋ ಏನೋ.

2013ರ ಮೇ 8ರಂದು ಮತ್ತೆ ಎಣಿಕೆ. ಕಾಂಗ್ರೆಸ್ಸಿಗೆ 122 ಸ್ಥಾನ. ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಬಳ್ಳಾರಿ ಜಿಲ್ಲೆಯಲ್ಲಿ ಒಂದರಿಂದ ನಾಲ್ಕಕ್ಕೆ ಏರಿದೆವು. ಕಂಪ್ಲಿಯಲ್ಲಿ ಸೋತೆವು. ಸುರೇಶ್ ಬಾಬು ಈ ಸಲ ಬಿ. ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ ಎಂಬ ಬೇರೆ ಪಕ್ಷದಿಂದ ಗೆದ್ದರು. ಟಿವಿಯಲ್ಲಿ ಬೆಂಗಳೂರಿನ ಪಟಾಕಿ ತೋರಿಸುತ್ತಿದ್ದರು. ನಮ್ಮ ಊರಿನಲ್ಲಿ ನಾವು ಐದಾರು ಮಂದಿ ಒಂದು ಪಡಸಾಲೆಯಲ್ಲಿ ಕೂತಿದ್ದೆವು. ಸಂತೋಷ ಪಡಬೇಕೋ ದುಃಖ ಪಡಬೇಕೋ ತಿಳಿಯಲಿಲ್ಲ. ಒಬ್ಬರು ಚಹಾ ತರಿಸಿದರು. ಕುಡಿದು ಮನೆಗೆ ಹೋದೆವು.

ರಾಜ್ಯದಲ್ಲಿ ನಮ್ಮ ಸರ್ಕಾರ ಬಂದ ಮೇಲೆ ಹೋದವರು ವಾಪಸು ಬರತೊಡಗಿದರು. ನನಗೆ ಬಾಗಿಲು ಬಡಿದ ರಾತ್ರಿಗಳಿಗಿಂತ, ಕಾಲಿನ ಗಾಯಕ್ಕಿಂತ ಇದು ಕಷ್ಟವಾಯಿತು. ಅವರು ಮುಂದಿನ ಸಾಲಿನಲ್ಲಿ ಕೂತರು. ಹಾರ ಹಾಕಿಸಿಕೊಂಡರು. ಸಮಿತಿಗಳಲ್ಲಿ ಹೆಸರು ಬಂತು. ಆ ಐದು ವರ್ಷ ಬಾವುಟ ಹಿಡಿದವರ ಹೆಸರು ಎಲ್ಲೂ ಇರಲಿಲ್ಲ. ಒಂದು ಸಭೆಯಿಂದ ನಾನು ಎದ್ದು ಬಂದೆ. ಆಮೇಲೆ ಕೆಲವು ತಿಂಗಳು ಹೋಗಲೇ ಇಲ್ಲ.

ನನ್ನನ್ನು ವಾಪಸು ಕರೆತಂದವರು ಅಪ್ಪನ ಕಾಲದ ಒಬ್ಬ ಹಿರಿಯರು. ಮನೆಗೆ ಬಂದು ಹೊಲಿಗೆ ಯಂತ್ರದ ಪಕ್ಕ ಕೂತರು. "ಹೋದೋರು ಬರದಿದ್ರ ಪಕ್ಷ ಹೆಂಗ ಬೆಳೀತದ? ಬಂದೋರಿಗೆ ಕೆಲಸ ಕೊಡು. ಕುರ್ಚಿ ಯಾರಿಗರ ಕೊಡ್ಲಿ, ಪಟ್ಟಿ ನಿನ್ನ ಕೈಯಾಗಿರ್ಲಿ" ಎಂದರು. ಆ ಮಾತು ನನಗೆ ಸಿಟ್ಟು ತರಿಸಿತು. ರಾತ್ರಿ ಯೋಚಿಸಿದೆ. ಊರಿನ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮಗೆ ಮತ ಕೊಟ್ಟಿರಲಿಲ್ಲ. ಅವರ ಮನೆಗೆ ಹೋಗಿ ಕೈ ಮುಗಿಯಲು ಸಿದ್ಧಳಿದ್ದೆ. ಹಾಗಾದರೆ ಬಿಟ್ಟುಹೋಗಿ ಬಂದವರ ಪಕ್ಕ ಕೂರಲು ಯಾಕೆ ಆಗುವುದಿಲ್ಲ? ಮನಸ್ಸು ಪೂರ್ತಿ ಒಪ್ಪಲಿಲ್ಲ. ಆದರೂ ಹೋಗಿ ಕೂತೆ.

ಆಮೇಲಿನ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಸಂಡೂರಿನಲ್ಲಿ ನೋಡಿದ ನೋಟ್‌ಬುಕ್‌ನಂತೆ ಒಂದೊಂದು ಬೂತಿಗೆ ಒಂದೊಂದು ಮಾಡಿದೆವು. ಪ್ರತಿ ವರ್ಷ ಮತದಾರರ ಪಟ್ಟಿ ಪರಿಷ್ಕರಣೆ ಬರುತ್ತದೆ. ಆ ದಿನಗಳಲ್ಲಿ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಜೊತೆ ಕೂರುತ್ತಿದ್ದೆವು. ಹದಿನೆಂಟು ತುಂಬಿದವರಿಗೆ ಫಾರಂ 6. ಸತ್ತವರ ಹೆಸರು ತೆಗೆಸಲು ಫಾರಂ 7. ತಪ್ಪು ತಿದ್ದಲು ಫಾರಂ 8. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಉಳಿದಿರುತ್ತಿತ್ತು. ಅದನ್ನು ಇಲ್ಲಿಗೆ ತರಿಸುವುದು ಹೆಚ್ಚಿನ ಕೆಲಸ. ತಾಂಡಾಗಳಲ್ಲಿ ಅರ್ಧ ಮನೆಗೆ ಬೀಗ. ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕೆಲಸಕ್ಕೆ ಗೋವಾಕ್ಕೆ ಹೋಗಿರುತ್ತಿದ್ದರು. ಅವರ ಫೋನ್ ನಂಬರು ಬರೆದುಕೊಂಡೆವು. ದೀಪಾವಳಿಗೆ ಬಂದಾಗ ಹೋಗಿ ಮಾತಾಡಿಸಿದೆವು.

ಮನೆಗೆ ಹೋದಾಗ ಮೊದಲು ಪಕ್ಷದ ಮಾತು ಎತ್ತಬಾರದು ಎಂದು ನಮ್ಮ ನಮ್ಮಲ್ಲೇ ನಿಯಮ ಮಾಡಿಕೊಂಡೆವು. ಪಡಿತರ ಬಂತೇ, ವಿಧವಾ ವೇತನ ಬಂತೇ ಎಂದು ಕೇಳುತ್ತಿದ್ದೆವು. 2013ರ ಜುಲೈಯಲ್ಲಿ ಅನ್ನಭಾಗ್ಯ ಶುರುವಾಗಿತ್ತು, ಕಿಲೋ ಅಕ್ಕಿಗೆ ಒಂದು ರೂಪಾಯಿ. ಕಾರ್ಡಿನಲ್ಲಿ ಹೆಸರು ತಪ್ಪಿದ್ದರೆ ಆ ಅಕ್ಕಿ ಸಿಗುತ್ತಿರಲಿಲ್ಲ. ಕಾರ್ಡು ತಿದ್ದಿಸಲು ಅವರ ಜೊತೆ ಹೋಗುತ್ತಿದ್ದೆವು. ಕಂಪ್ಲಿ ಆಗ ಇನ್ನೂ ತಾಲ್ಲೂಕಾಗಿರಲಿಲ್ಲ. ಒಂದು ಸಹಿಗೆ ಹೊಸಪೇಟೆಗೆ ಬಸ್ ಹಿಡಿಯಬೇಕಿತ್ತು. ದಿನದ ಕೂಲಿ ಹೋಗುತ್ತಿತ್ತು. ಮೆಟ್ರಿ ಕಡೆಯ ಒಬ್ಬ ಮುದುಕರು ಮೊದಲ ಸಲ ಬಾಗಿಲು ಹಾಕಿಕೊಂಡರು. ಬಹಳ ದಿನಗಳ ಮೇಲೆ ತೆಗೆದು, "ಯವ್ವಾ, ನಿನ್ನ ಮುಖ ನೋಡಿ ತಗದೀನಿ. ಪಕ್ಷ ನೋಡಿ ಅಲ್ಲ" ಎಂದರು. ನನಗೆ ಅಷ್ಟು ಸಾಕಿತ್ತು.

ಎಲ್ಲ ಬೂತಿಗೂ ಜನ ಸಿಕ್ಕರು ಎಂದು ಹೇಳಿದರೆ ಸುಳ್ಳಾಗುತ್ತದೆ. ಗಂಡಸರು ಬಂದು ಬಂದು ಬಿಟ್ಟರು. ಹೆಚ್ಚು ಉಳಿದವರು ಹೆಂಗಸರು. ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆದು ರೂಢಿ ಇದ್ದವರು. ವಾರದ ಉಳಿತಾಯವನ್ನು ಹೇಗೆ ಒಂದೊಂದು ರೂಪಾಯಿ ತಪ್ಪದೆ ಬರೆಯುತ್ತಿದ್ದರೋ ಹಾಗೆ ಒಂದೊಂದು ಹೆಸರು ಬರೆದರು. ಅವರಲ್ಲಿ ಕೆಲವರ ಮನೆಯಲ್ಲಿ ಹೊಡೆತ ಬಿದ್ದವು. ಒಬ್ಬರು ಅದಕ್ಕೇ ಬಿಟ್ಟರು. ಬಿಡಬೇಡಿ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

2018ರ ಮೇ 12ರಂದು ಮತದಾನ. ಬೆಳಗಿನ ಜಾವ ಎದ್ದು ಸ್ನಾನ ಮಾಡಿ, ಫಾರಂ 10 ಸೆರಗಿನಲ್ಲಿ ಕಟ್ಟಿಕೊಂಡು ಬೂತಿಗೆ ಹೋದೆ. ಮತದಾನಕ್ಕೆ ಮುಂಚೆ ಅಣಕು ಮತದಾನ ಮಾಡುತ್ತಾರೆ. ಏಜೆಂಟರ ಎದುರಿಗೆ ಕನಿಷ್ಠ ಐವತ್ತು ಮತ ಹಾಕಿ, ಎಣಿಸಿ ತೋರಿಸಿ, ಅಳಿಸಿ, ಯಂತ್ರಕ್ಕೆ ಸೀಲು ಹಾಕುತ್ತಾರೆ. ಸೀಲಿನ ಮೇಲೆ ನಮ್ಮ ಸಹಿ. ಆ ವರ್ಷ ಹಾಕಿದ ಮತವನ್ನು ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರ ಬೇರೆ ಇತ್ತು. ಸಹಿ ಮಾಡಿ ಪಕ್ಕದ ಕೊಠಡಿಗೆ ಇಣುಕಿ ನೋಡಿದೆ. 2009ರಲ್ಲಿ ಖಾಲಿ ಇದ್ದ ಕುರ್ಚಿಯಲ್ಲಿ ನಮ್ಮವರೊಬ್ಬರು ಕೂತಿದ್ದರು. 2008ರಲ್ಲಿ ಬಿಟ್ಟುಹೋಗಿ ಆಮೇಲೆ ವಾಪಸು ಬಂದವರು ಅವರು. ನನ್ನನ್ನು ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಇಡೀ ದಿನ ಸೆಖೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಮತದಾನ ಮುಗಿದು, ಯಂತ್ರಕ್ಕೆ ಸೀಲಾಗಿ, ಫಾರಂ 17ಸಿ ಪ್ರತಿ ಕೈಗೆ ಬಂದ ಮೇಲೆ ಎದ್ದೆ. ಎಷ್ಟು ಮತ ಬಿದ್ದವೆಂದು ಅದರಲ್ಲಿ ಇರುತ್ತದೆ. ಎಣಿಕೆಯ ದಿನ ಯಂತ್ರದ ಲೆಕ್ಕವನ್ನು ಅದಕ್ಕೆ ತಾಳೆ ನೋಡುವುದು. ನನ್ನ ಕಾಲು ಜೋಮು ಹಿಡಿದಿತ್ತು.

ಮೇ 15ರಂದು ಫಲಿತಾಂಶ. ಕಂಪ್ಲಿಯಲ್ಲಿ ಕಾಂಗ್ರೆಸ್ಸಿನ ಜೆ.ಎನ್. ಗಣೇಶ್ ಗೆದ್ದರು. ಅಖಂಡ ಜಿಲ್ಲೆಯ ಒಂಬತ್ತರಲ್ಲಿ ಆರು ನಮಗೆ ಬಂದವು. ಆದರೆ ರಾಜ್ಯದಲ್ಲಿ ಬಿಜೆಪಿಗೆ 104 ಬಂದು ಅದೇ ದೊಡ್ಡ ಪಕ್ಷವಾಯಿತು. ಐದು ವರ್ಷದ ಹಿಂದೆ ರಾಜ್ಯ ಗೆದ್ದು ನಮ್ಮ ಊರು ಸೋತಿತ್ತು. ಈಗ ನಮ್ಮ ಊರು ಗೆದ್ದು ರಾಜ್ಯ ಸೋತಿತು. ಅಂದು ನಾನು ಸಂತೋಷಪಟ್ಟೆ. ಯಜಮಾನರು ಗಿರಣಿಯಿಂದ ಬರುವಾಗ ಕಾಲು ಕಿಲೋ ಪೇಢಾ ತಂದಿದ್ದರು. ಪಕ್ಕದ ಮನೆಯ ಅಜ್ಜಿ ಆ ಹೊತ್ತಿಗೆ ಇರಲಿಲ್ಲ. ಅವರ ಮಗನ ಮನೆಗೆ ಕೊಟ್ಟು ಬಂದೆ. ಅವನು ತೆಗೆದುಕೊಂಡ.

2023ರಲ್ಲಿ ಗಣೇಶ್ ಮತ್ತೆ ಗೆದ್ದರು. ಹೊಸ ಬಳ್ಳಾರಿ ಜಿಲ್ಲೆಯ ಐದೂ ಸ್ಥಾನ ಕಾಂಗ್ರೆಸ್ಸಿಗೆ ಬಂದವು. ಅಷ್ಟರಲ್ಲಿ ಹಳೆಯ ಜಿಲ್ಲೆ ಎರಡಾಗಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತ್ತು. ಫಲಿತಾಂಶ ಬಂದ ಕೆಲವು ದಿನಗಳ ಮೇಲೆ ನಮ್ಮ ಓಣಿಯ ಒಬ್ಬ ಹುಡುಗಿ ಹೊಲಿಗೆಗೆ ಬಂದಳು. ಬಿಜೆಪಿಯ ಏಜೆಂಟ್ ಆಗಿ ನನ್ನ ಬೂತಿನಲ್ಲೇ, ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವಳು. ಮುಖ ಬಾಡಿತ್ತು. ಜೊತೆಗೆ ಓಡಾಡಿದವರು ಆಗಲೇ ನಮ್ಮ ಕಡೆಯವರ ಮನೆಗೆ ಹೋಗಿ ಹಾರ ಹಾಕಿ ಬಂದಿದ್ದರು. "ಅಕ್ಕಾ, ನಾ ಒಬ್ಬಾಕಿನೇ ಉಳದೀನಿ" ಎಂದಳು.

ಅವಳ ಪಕ್ಷ ನನ್ನ ಪಕ್ಷವಲ್ಲ. ಮುಂದಿನ ಚುನಾವಣೆಯಲ್ಲಿ ಅವಳು ಸೋಲಲಿ ಎಂದೇ ನಾನು ಕೆಲಸ ಮಾಡುತ್ತೇನೆ. ಆದರೆ ಅವಳು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಗೆದ್ದ ಪಕ್ಷದ ಕಾರ್ಯಕರ್ತೆ ಹೇಗೆ ಬದುಕುತ್ತಾಳೆ ಎಂದು ಯಾರೂ ಕೇಳಬೇಕಾಗಿಲ್ಲ. ಸೋತ ಪಕ್ಷದವಳನ್ನು ಕೇಳಬೇಕು. ಅವಳ ಮನೆಗೆ ಕೆಲಸ ಸಿಗುತ್ತಿದೆಯೇ, ರಾತ್ರಿ ಯಾರಾದರೂ ಬಾಗಿಲು ಬಡಿಯುತ್ತಾರೆಯೇ ಎಂದು ಕೇಳಬೇಕು. ನಮ್ಮ ಕಡೆಯವರಿಗೆ ಆ ಮಾತು ಹೇಳಿದ್ದೇನೆ. ಯಾರ ಬಾಗಿಲನ್ನೂ ರಾತ್ರಿ ಬಡಿಯಬೇಡಿ ಎಂದಿದ್ದೇನೆ. ಯಾರ ಲೋಡನ್ನೂ ನಿಲ್ಲಿಸಬೇಡಿ ಎಂದಿದ್ದೇನೆ.

ಅಂದು ಅವಳ ರವಿಕೆಯ ಅಳತೆ ಬರೆದುಕೊಂಡೆ. ಚುನಾವಣೆ ಇಲ್ಲದಾಗಲೇ ಪಟ್ಟಿ ಓದು, ಮನೆ ಮನೆಗೆ ಹೋಗು ಎಂದು ಹೇಳಿದೆ. ಎದುರು ಪಕ್ಷದವಳಿಗೆ ಯಾಕೆ ಹೇಳಿಕೊಟ್ಟೆ ಎಂದು ನಮ್ಮವರೊಬ್ಬರು ಆಮೇಲೆ ಬೇಸರಪಟ್ಟರು. ಬೂತಿನಲ್ಲಿ ಎರಡು ಕಡೆಯ ಏಜೆಂಟರೂ ಕೂತು ಸಹಿ ಮಾಡಿದರೆ ಮಾತ್ರ ಆ ಸೀಲಿಗೆ ಬೆಲೆ. ಒಂದು ಕುರ್ಚಿ ಖಾಲಿ ಇದ್ದರೆ ಗೆದ್ದವರ ಗೆಲುವೂ ಅರ್ಧ. ಇದನ್ನು ನಾನು ಸೋತ ಕಡೆ ಕೂತು ಕಲಿತೆ. ಗೆದ್ದ ಕಡೆ ಬಂದ ಮೇಲೆ ಮರೆಯಬಾರದು ಎಂದುಕೊಂಡಿದ್ದೇನೆ.